ತಡವಾಗದ ಬಸ್ಸು

ನನ್ನ ಅಣ್ಣ ಐಸಾಕುವಿಗೆ ರೈಲಿನ ವೇಳಾಪಟ್ಟಿಯ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ. ನಲವತ್ತೊಂದು ವರ್ಷ ಸೈಕಲ್ಲಿನಲ್ಲಿ ಅಂಚೆ ಹಂಚಿದವನು. ಅವನು ಬೀದಿಯ ತಿರುವಿಗೆ ಬಂದರೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಈಗ ಎಪ್ಪತ್ಮೂರು. ಅಪ್ಪ ಅಮ್ಮ ಹೋದಾಗ ನನಗೆ ಆರು ವರ್ಷ. ನನಗೆ ಉಣ್ಣಿಸಿ, ಜಡೆ ಹಾಕಿ, ಬೈದು, ಓದಿಸಿದವನು ಇವನೇ. ನನಗೆ ತವರು ಅಂತ ಏನಾದರೂ ಇದ್ದರೆ ಅದು ಈ ಮನುಷ್ಯ.

ನವೆಂಬರಿನ ಒಂದು ಬುಧವಾರ ಅವನಿಗೆ ಕಡಲು ತೋರಿಸುತ್ತೇನೆಂದು ನಮ್ಮೂರು ಮತ್ಸುಯಾಮಾದಿಂದ ಹೊರಡಿಸಿದೆ. ರೈಲು, ಬಸ್ಸು ಎರಡಕ್ಕೂ ನಡೆಯುವ ದಿನದ ಪಾಸು ಇಬ್ಬರ ಜೇಬಿನಲ್ಲೂ ಇತ್ತು. ಇಸೊಮಿ ನಿಲ್ದಾಣದಲ್ಲಿ ಇಳಿಯುವುದು, ಸಮುದ್ರಕ್ಕೆ ಮುಖ ಮಾಡಿದ ಬೆಂಚಿನಲ್ಲಿ ಕೂತು ಉಣ್ಣುವುದು, ಆಮೇಲೆ ಬಸ್ಸಿನಲ್ಲಿ ದೀಪಸ್ತಂಭ. ಅಣ್ಣ ಇದನ್ನೆಲ್ಲ ನಿಮಿಷ ಸಮೇತ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದ.

ರೈಲಿಗೆ ಎರಡೇ ಬೋಗಿ. ನಾವು ಹಿಂದಿನದರಲ್ಲಿ, ಕಡಲ ಕಡೆಯ ಸೀಟಿನಲ್ಲಿ ಕೂತಿದ್ದೆವು. ಹನ್ನೊಂದು ನಲವತ್ತಾರಕ್ಕೆ ಅಣ್ಣ ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡ.

"ಈಗಲೇ ಯಾಕೋ ಅಣ್ಣ? ಬುತ್ತಿ ಬಿಚ್ಚಿದ ಮೇಲೆ ಹಾಕ್ಕೋಬಾರ್ದಾ?"

"ಐವತ್ತೆರಡಕ್ಕೆ ಇಸೊಮಿ. ಐವತ್ತೈದಕ್ಕೆ ಬಾಯಿಗೆ ಅನ್ನ. ಲೆಕ್ಕ ಸರಿಯಾಗಿದೆ ಕಣೇ."

"ರೈಲು ತಡ ಆದ್ರೆ?"

ನಾನು ಏನೋ ಅಶ್ಲೀಲ ಮಾತಾಡಿದ ಹಾಗೆ ನನ್ನ ಮುಖ ನೋಡಿದ.

ಇಸೊಮಿ ಹತ್ತಿರ ಬಂದಾಗ ಅವನ ಚೀಲವನ್ನು ನಾನೇ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡೆ. "ನನ್ನ ಚೀಲ ನಾನು ಹೊರ್ತೀನಿ, ಕೊಡು" ಅಂದ. "ಭುಜ ನೋವು ಅಂತ ರಾತ್ರಿಯೆಲ್ಲ ನರಳೋನು ನೀನೇ ತಾನೇ? ಸುಮ್ನೆ ಬಾ" ಎಂದು ಗದರಿದೆ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಹುಕುಂ ಹೊಡೆದವಳು ನಾನು. ಉಪಕಾರ ಮಾಡುವಾಗಲೂ ಜೋರು ಕಡಿಮೆಯಿಲ್ಲ. ಆ ಚೀಲದಲ್ಲಿ ಬುತ್ತಿ ಇತ್ತು. ಸಕ್ಕರೆ ಬಿಲ್ಲೆ ಇತ್ತು. ಅವನ ಫೋನು, ಪರ್ಸು ಕೂಡ ಅದರಲ್ಲೇ ಇದ್ದವು.

ಇಸೊಮಿಯಂಥ ಸಿಬ್ಬಂದಿ ಇಲ್ಲದ ನಿಲ್ದಾಣದಲ್ಲಿ ಮುಂದಿನ ಬೋಗಿಯ ಬಾಗಿಲು ಮಾತ್ರ ತೆರೆಯುತ್ತದೆ. ಚಾಲಕನಿಗೆ ಪಾಸು ತೋರಿಸಿ ಇಳಿಯಬೇಕು. ನಾನು ಮುಂದೆ ನಡೆದೆ, ಅಣ್ಣ ಹಿಂದೆ ಬರುತ್ತಿದ್ದ. ಫೋಟೋ ತೆಗೆಯಲು ಬಂದ ಹತ್ತು ಹನ್ನೆರಡು ಜನರ ಜತೆ ಇಳಿದು, ಬೆಂಚು ಹಿಡಿಯಬೇಕೆಂದು ಓಡಿದೆ. ಬೆಂಚಿನ ಮೇಲೆ ಕೈ ಇಟ್ಟು ತಿರುಗಿದಾಗ ರೈಲಿನ ಬಾಗಿಲು ಮುಚ್ಚಿತ್ತು.

ಹಿಂದಿನ ಬೋಗಿಯ ಕಿಟಕಿಯಲ್ಲಿ ಅಣ್ಣ ನಿಂತಿದ್ದ. ಕೈಯಲ್ಲಿ ಖಾಲಿ ಚಹಾ ಬಾಟಲಿ. ನಾವು ಕೂತಿದ್ದ ಜಾಗದಲ್ಲಿ ಕಸ ಬಿಟ್ಟು ಬಂದೆವೆಂದು ಅದನ್ನು ಎತ್ತಿಕೊಳ್ಳಲು ವಾಪಸು ಹೋಗಿದ್ದಾನೆ! "ಇಳೀಬೇಕು" ಎಂದು ಒಂದು ಕೂಗು ಹಾಕಿದ್ದರೆ ಚಾಲಕ ಖಂಡಿತ ನಿಲ್ಲಿಸುತ್ತಿದ್ದ. ಕೂಗಲಿಲ್ಲ. ತಪ್ಪಾಯಿತು ಅನ್ನುವಂತೆ ನನ್ನತ್ತ ಕೈ ಎತ್ತಿದ. ರೈಲು ಹೊರಟಿತು.

ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಹೆಗಲ ಮೇಲಿನ ಭಾರ ಅರಿವಿಗೆ ಬಂತು. ಚೀಲ ಇಲ್ಲಿದೆ, ಚುಚ್ಚಿಕೊಂಡ ಔಷಧಿ ಅವನ ಹೊಟ್ಟೆಯಲ್ಲಿದೆ. ಇನ್ನು ಅರ್ಧ ಗಂಟೆಯಲ್ಲಿ ಏನಾದರೂ ತಿನ್ನದಿದ್ದರೆ ಅಣ್ಣ ಎಲ್ಲಿದ್ದಾನೋ ಅಲ್ಲೇ ಬೀಳುತ್ತಾನೆ. ಎರಡು ವರ್ಷದ ಹಿಂದೆ ಸ್ನಾನದ ಮನೆಯಲ್ಲಿ ಹಾಗೆ ಬಿದ್ದು, ಮೂರು ದಿನ ಮಾತೇ ಇರಲಿಲ್ಲ. ಇನ್ನೊಮ್ಮೆ ಹೀಗಾದರೆ ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರು ನನ್ನನ್ನೇ ಕರೆದು ಹೇಳಿದ್ದರು.

ನಿಲ್ದಾಣದ ಫಲಕದ ಮೇಲಿದ್ದ ರೈಲ್ವೆಯ ನಂಬರಿಗೆ ಫೋನು ಮಾಡಿ ವಿಷಯ ಹೇಳಿದೆ. ಆ ಕಡೆಯವನು ಬಹಳ ಮರ್ಯಾದೆಯಿಂದ ವಿಚಾರಿಸಿ, ಹನ್ನೆರಡು ದಾಟಿದ ಮೇಲೆ ತಾನೇ ಕರೆ ಮಾಡಿದ. "ನಿಮ್ಮ ಅಣ್ಣನೋರು ಮುಂದಿನ ನಿಲ್ದಾಣ ತಾಕಿನೋಉರದಲ್ಲಿ ಇಳಿದ್ರಂತೆ. ಬಸ್ಸಲ್ಲಿ ವಾಪಸು ಹೋಗ್ತೀನಿ ಅಂತ ಚಾಲಕರಿಗೆ ಬಗ್ಗಿ ಬಗ್ಗಿ ಕೈ ಮುಗಿದು ಹೋದ್ರಂತೆ. ಆ ಕಡೆಯಿಂದ ಬರೋ ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ. ಆಂಬುಲೆನ್ಸಿಗೆ ಹೇಳಲಾ ಅಮ್ಮಾ?"

"ಬೇಡ ಬೇಡ, ಅಷ್ಟೆಲ್ಲ ತೊಂದರೆ ಯಾಕೆ, ನಾನೇ ಹೋಗ್ತೀನಿ" ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಅಣ್ಣ ಕೂಗಲಿಲ್ಲವೆಂದು ಹಲ್ಲು ಕಡಿಯುತ್ತಿದ್ದವಳು ನಾನು!

ಹನ್ನೆರಡು ಆರಕ್ಕೆ ಬಸ್ಸು ಬಂತು. ತಾಕಿನೋಉರಕ್ಕೆ ಒಂಬತ್ತು ನಿಮಿಷ. ಒಳಗೆ ಏಳೆಂಟು ಜನ, ಬಹುಪಾಲು ನರೆತ ತಲೆಗಳು. ಎಡಕ್ಕೆ ಕಡಲು ಥಳಥಳ ಹೊಳೆಯುತ್ತಿತ್ತು. ಹಾಳಾಗಿ ಹೋಗಲಿ ಅನ್ನಿಸಿತು. ನಾಲ್ಕನೆಯ ಸ್ಟಾಪಿನಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ; ಆದರೂ ಬಸ್ಸು ನಿಂತಿತು. "ಎರಡು ನಿಮಿಷ ಮುಂಚೆ ಬಂದಿದ್ದೇವೆ. ಹೊತ್ತಾಗುವವರೆಗೆ ಇಲ್ಲಿ ನಿಲ್ಲುತ್ತೇವೆ" ಎಂದು ಚಾಲಕ ಮೈಕಿನಲ್ಲಿ ಹೇಳಿದ. ಬಿಳಿ ಗವಸಿನ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಸುಮ್ಮನೆ ಕೂತ.

ನಾನು ಎದ್ದು ಅವನ ಪಕ್ಕಕ್ಕೆ ಹೋದೆ. "ಸ್ವಲ್ಪ ಬೇಗ ಹೊರಡ್ತೀರಾ?"

"ಆಗಲ್ಲ ಅಮ್ಮಾ. ಮುಂಚೆ ಹೋದ್ರೆ, ಹೊತ್ತು ನೋಡ್ಕೊಂಡು ಬರೋರಿಗೆ ಬಸ್ಸು ತಪ್ಪುತ್ತೆ. ದಿನಕ್ಕೆ ಇರೋದೇ ಐದು ಬಸ್ಸು."

ಅವನು ಹೇಳಿದ್ದು ಸರಿ. ಐವತ್ತೆಂಟು ವರ್ಷ ನಾನೂ ಅಂಥ ಮಾತಿಗೆ ತಲೆ ಬಾಗಿಸಿ ಹಿಂದೆ ಸರಿದವಳೇ. ಅವತ್ತು ಸರಿಯಲಿಲ್ಲ.

"ನನ್ನ ಅಣ್ಣ ಸಾಯ್ತಿದ್ದಾನೆ ಕಣಯ್ಯಾ!" ಎಂದು ಕಿರುಚಿಬಿಟ್ಟೆ. "ಸಕ್ಕರೆ ಕಾಯಿಲೆ. ಸೂಜಿ ಹಾಕ್ಕೊಂಡು ಉಪವಾಸ ಇದ್ದಾನೆ. ತಾಕಿನೋಉರ ಸ್ಟಾಪಲ್ಲಿ ಒಬ್ಬನೇ ಇದ್ದಾನೆ. ಅವನ ಊಟ ನನ್ನ ಹೆಗಲ ಮೇಲಿದೆ!"

ಚಾಲಕ ಕಂಪನಿಯ ರೇಡಿಯೋ ಎತ್ತಿಕೊಂಡು ತಾಕಿನೋಉರಕ್ಕೆ ಆಂಬುಲೆನ್ಸ್ ಬೇಕೆಂದು ಹೇಳಿದ. ಆದರೆ ಗಡಿಯಾರದ ಮುಳ್ಳು ಹೊತ್ತು ಮುಟ್ಟುವವರೆಗೆ ಬ್ರೇಕ್ ಬಿಡಲಿಲ್ಲ. ಆ ಒಂದೂವರೆ ನಿಮಿಷ ನಾನು ಅವನನ್ನು ಶಪಿಸಿದ ಹಾಗೆ ಯಾರನ್ನೂ ಶಪಿಸಿಲ್ಲ. ಹಿಂದಿನ ಸೀಟಿನ ಒಬ್ಬ ಅಜ್ಜಿ ಬಂದು ನನ್ನ ಮೊಣಕೈ ಹಿಡಿದುಕೊಂಡಳು. "ಆ ಸ್ಟಾಪಿನ ಹತ್ರ ಕಿತ್ತಳೆ ಮಾರೋ ಗೂಡಿದೆ ಮಗಾ. ಯಾರೂ ಕಾಯಲ್ಲ, ಡಬ್ಬಿಗೆ ನೂರು ಯೆನ್ ಹಾಕಿ ಒಂದು ಚೀಲ ತಗೊಂಡು ಹೋಗೋದು. ನಿಮ್ಮಣ್ಣ ಹಣ್ಣು ತಿಂದಿರ್ತಾನೆ ಬಿಡು."

ಅಜ್ಜಿ ಧೈರ್ಯ ಹೇಳಿದಳು. ನನ್ನ ಎದೆ ಮಾತ್ರ ಇನ್ನೂ ಕುಸಿಯಿತು. ಏಳು ವರ್ಷದವಳಿದ್ದಾಗ ಪಕ್ಕದ ತೋಟದ ಬೇಲಿಯಾಚೆ ಉದುರಿದ್ದ ಒಂದು ಕಿತ್ತಳೆ ತಂದಿದ್ದೆ. ಅಣ್ಣ ಕೆನ್ನೆಗೆ ಬಾರಿಸಿ, ಅರ್ಧ ಸುಲಿದ ಹಣ್ಣನ್ನೇ ಹಿಡಿಸಿಕೊಂಡು ಹೋಗಿ ತೋಟದವನ ಕಾಲಿಗೆ ಬೀಳಿಸಿದ್ದ. ಆ ಅಣ್ಣನ ಜೇಬಿನಲ್ಲಿ ಈಗ ಪಾಸು ಬಿಟ್ಟರೆ ಬಿಡಿಗಾಸಿಲ್ಲ.

ತಾಕಿನೋಉರದಲ್ಲಿ ಬಾಗಿಲು ಪೂರ್ತಿ ತೆರೆಯುವ ಮೊದಲೇ ಹಾರಿದೆ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ.

ತಗಡಿನ ಗೂಡು. ಬಲೆ ಚೀಲಗಳಲ್ಲಿ ರಾಶಿ ರಾಶಿ ಕಿತ್ತಳೆ. ಪಕ್ಕದ ಬೆಂಚಿನ ಮೇಲೆ ಅಣ್ಣ ಗೂಡಿನ ಕಂಬಕ್ಕೆ ವಾಲಿಕೊಂಡಿದ್ದ. ಕೈ ಚಾಚಿದರೆ ಹಣ್ಣು ಸಿಗುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಮೇಲೆ ಮಡಚಿ ಇಟ್ಟುಕೊಂಡಿದ್ದ. ಕೈಗಳ ನಡುವೆ ಆ ಖಾಲಿ ಬಾಟಲಿ. ಅಂಗಿ ಬೆವರಿಗೆ ಮೈಗಂಟಿತ್ತು, ತುಟಿ ಬಿಳಿಚಿತ್ತು, ಕಣ್ಣು ಅರ್ಧ ತೆರೆದಿತ್ತು.

"ಅಣ್ಣಾ! ಅಣ್ಣಾ!" ಚೀಲದ ಜಿಪ್ಪು ನನ್ನ ಬೆರಳಿಗೆ ಸಿಗಲೇ ಇಲ್ಲ. ಅಷ್ಟರಲ್ಲಿ ಆ ಅಜ್ಜಿ ಒಂದು ಬಲೆ ಚೀಲ ಹರಿದು, ಹಣ್ಣನ್ನು ಎರಡು ಹೋಳು ಮಾಡಿ ನನ್ನ ಕೈಗಿಟ್ಟಳು. ಅವನ ತುಟಿಯ ನಡುವೆ ಹಿಂಡಿದೆ. ಗಲ್ಲದ ಮೇಲೆ ಹರಿಯಿತು. ಇನ್ನೊಂದು ಹಿಂಡಿದೆ. "ನುಂಗೋ, ಮುಂಡೇದೇ, ನುಂಗು!" ಗಂಟಲು ಅಲುಗಿತು. ಮೂರನೆಯ ಹಣ್ಣಿಗೆ ಅವನೇ ಬಾಯಿ ತೆರೆದ. ಸಕ್ಕರೆ ಬಿಲ್ಲೆಗಳನ್ನೂ ಒಂದೊಂದಾಗಿ ಅಗಿದ. ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಚಿಗುಸಾ" ಎಂದು ಮೆಲ್ಲಗೆ ನನ್ನ ಹೆಸರು ಕರೆದ. "ಡಬ್ಬಿಗೆ ದುಡ್ಡು ಹಾಕಿದ್ಯಾ?"

ಅವನ ಅಂಗಿಯ ಕಾಲರ್ ಹಿಡಿದು ಅಲ್ಲಾಡಿಸಿದೆ. ಜನರೆದುರಿಗೇ ಗೊಳೋ ಎಂದು ಅತ್ತೆ. "ನೂರು ಯೆನ್ನಿಗೆ ಸಾಯೋಕೆ ಕೂತಿದ್ಯಲ್ಲೋ! ನೀನು ಹೋದ್ರೆ ನನಗ್ಯಾರೋ ಇದ್ದಾರೆ?"

ನನ್ನ ಹಿಂದೆ ಬಸ್ಸು ನಿಂತೇ ಇರುವುದು ಆಗಷ್ಟೇ ಅವನ ಕಣ್ಣಿಗೆ ಬಿತ್ತು. ಚಾಲಕ ಕೆಳಗಿಳಿದು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕಿಟಕಿಗಳಲ್ಲೆಲ್ಲ ಮುಖಗಳು. ಅಣ್ಣನ ಮುಖಕ್ಕೆ ಬರುತ್ತಿದ್ದ ಬಣ್ಣ ಮತ್ತೆ ಇಳಿಯಿತು. ಏಳಲಾಗದಿದ್ದರೂ ಕೂತಲ್ಲೇ ಹಣೆ ಮೊಣಕಾಲಿಗೆ ತಾಗುವಂತೆ ಬಾಗಿದ.

"ನನ್ನಿಂದ ಬಸ್ಸು ತಡ ಆಯ್ತು. ಎಷ್ಟು ನಿಮಿಷ?"

ಎರಡು ನಿಮಿಷ ಮುಂಚೆ ಹೊರಡಲು ಒಪ್ಪದ ಆ ಮನುಷ್ಯ ತನ್ನ ಗಡಿಯಾರ ನೋಡಿಕೊಂಡ. ಹನ್ನೆರಡು ಇಪ್ಪತ್ತೆರಡು. ಏಳು ನಿಮಿಷ ತಡ.

"ತಡ ಏನೂ ಆಗಿಲ್ಲ ಯಜಮಾನ್ರೇ" ಅಂದ. "ಹೊತ್ತಿಗೆ ಸರಿಯಾಗಿದೆ."

"ಹೌದು ಹೌದು, ಸರಿಯಾಗಿದೆ" ಎಂದಳು ಅಜ್ಜಿ. ಕಿಟಕಿಯಲ್ಲಿದ್ದವರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು.

ಅಣ್ಣನ ಮಣಿಕಟ್ಟಿನಲ್ಲೂ ಗಡಿಯಾರವಿತ್ತು. ದಿನಾ ಬೆಳಿಗ್ಗೆ ರೇಡಿಯೋ ಕೇಳಿ ಸರಿಮಾಡಿಕೊಳ್ಳುವ, ನಿವೃತ್ತಿಯ ದಿನ ಅಂಚೆ ಕಚೇರಿಯವರು ಕೊಟ್ಟ ಗಡಿಯಾರ. ಅವನು ಅದನ್ನು ನೋಡಿದ. ಚಾಲಕನ ಮುಖ ನೋಡಿದ. ಆಮೇಲೆ ಅಂಗಿಯ ತೋಳನ್ನು ಎಳೆದು ಗಡಿಯಾರ ಮುಚ್ಚಿ, ನನ್ನತ್ತ ಕೈ ಚಾಚಿದ.

"ಇನ್ನೊಂದು ಹಣ್ಣು ಕೊಡೇ" ಅಂದ.