ಮನೆಯಲ್ಲಿಲ್ಲದ ಇಬ್ಬರು

ಅಬ್ದೋನ್ ಒಯಾರ್ಸುನ್‌ಗೆ ಮಾತೆಂದರೆ ಆಗದು. ಚಿಲಿಯ ಪುಯೆರ್ತೊ ಮೊಂಟ್‌ನ ಸಾಲ್ಮನ್ ಮೀನಿನ ಕಂಪನಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಅವನು ಸೇರಿದ್ದೇ ಅದಕ್ಕಾಗಿ. ಹಿಂದೆ ಬಲೆ ಪೇರಿಸಿಡುತ್ತಿದ್ದ ಕೋಣೆಯಲ್ಲಿ ಯಂತ್ರ ಸಣ್ಣಗೆ ಗುಂಯ್ಗುಡುತ್ತಿತ್ತು. ಅದು ಎಂದೂ ಅವನ ಯೋಗಕ್ಷೇಮ ವಿಚಾರಿಸಿದ್ದಿಲ್ಲ. ಉಳಿದವರೆಲ್ಲ ಮಾತಾಡಿಕೊಳ್ಳಲು ದಾರಿ ಮಾಡಿಕೊಟ್ಟು, ತಾನೊಬ್ಬ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಏನೋ ದೊಡ್ಡ ತತ್ವವಿದೆ ಎಂದು ಅವನು ನಂಬಿದ್ದ. ಪುಕ್ಕಲುತನಕ್ಕೂ ತತ್ವಕ್ಕೂ ದೂರದಿಂದ ನೋಡಿದರೆ ಒಂದೇ ಮುಖ ಎಂಬ ಅನುಮಾನ ಆಗಾಗ ಬಂದರೂ ಅದನ್ನು ಹೆಚ್ಚು ಹೊತ್ತು ನಿಲ್ಲಗೊಡುತ್ತಿರಲಿಲ್ಲ.

ಆ ವರ್ಷ ಕಂಪನಿ ತನ್ನ ಸ್ವಂತ ಯಂತ್ರವನ್ನು ಬಿಟ್ಟು, ದೂರದ ಬಾಡಿಗೆ ಸರ್ವರ್‌ಗೆ ಮೇಲ್ ಸಾಗಿಸಲು ನಿರ್ಧರಿಸಿತು. ಅಬ್ದೋನ್ ಅದಕ್ಕೆ ಸೆಪ್ಟೆಂಬರ್‌ನ ರಾಷ್ಟ್ರೀಯ ಹಬ್ಬವನ್ನು ಆರಿಸಿಕೊಂಡ. ಹಬ್ಬದಲ್ಲಿ ಚಿಲಿಯವರು ಯಾರೂ ಯಾರಿಗೂ ಪತ್ರ ಬರೆಯುವುದಿಲ್ಲ. ಒಂದು ಕೈಯಲ್ಲಿ ಮಾಂಸದ ಹೂರಣದ ಎಂಪನಾದಾ, ಇನ್ನೊಂದರಲ್ಲಿ ವೈನ್. ಚಿಲಿ ಕುಣಿಯುವಾಗ ಭೂಮಂಡಲವೆಲ್ಲ ಕುಣಿಯುತ್ತಿರುತ್ತದೆ ಎಂಬುದು ಅವನ ಲೆಕ್ಕ. ಹಬ್ಬ ಮುಗಿಯುವವರೆಗೆ ಮೇಲ್ ಕೈಕೊಡಬಹುದು ಎಂದು ಎಲ್ಲರಿಗೂ ತಿಳಿಸಿದ, ಮೇಲ್‌ನಲ್ಲೇ. ಅಂಥ ಸೂಚನೆಗಳನ್ನು ತಾನೂ ಎಂದೂ ಓದಿದವನಲ್ಲ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಹಬ್ಬದ ಹಿಂದಿನ ದಿನ ನೋಲ್ಫಾ ಮನ್ಸಿಯಾ ಅವನ ಬಾಗಿಲಿಗೆ ಬಂದಳು. ಮೀನು ಕೊಯ್ಯುವ ಸಾಲಿನಲ್ಲಿ ವರ್ಷಗಟ್ಟಲೆ ಮಂಜುಗಡ್ಡೆಯೊಳಗೆ ಕೈಯಿಟ್ಟು ದುಡಿದು, ಆ ಚಳಿಗಾಲದಲ್ಲಷ್ಟೇ ಮೇಲಿನ ಮಹಡಿಯ ಮಾರಾಟ ವಿಭಾಗಕ್ಕೆ ಏರಿದ್ದವಳು. ಬ್ರೆಜಿಲ್‌ನ ರೆಸಿಫೆಯ ಸಗಟು ವ್ಯಾಪಾರಿ ಜೋಸಿವಾನ್ ಅವಳ ಮೊದಲ ಗಿರಾಕಿ. ಹಬ್ಬದ ಎರಡನೆಯ ದಿನ, ಹತ್ತೊಂಬತ್ತರ ಮಧ್ಯಾಹ್ನದೊಳಗೆ ಅವನ ಆರ್ಡರ್ ಕೈಸೇರಿದರೆ ಮೀನು ತೆಗೆಯಲು ದೋಣಿ ಹೊರಡುತ್ತದೆ. ಸೇರದಿದ್ದರೆ ಅವನು ಬೇರೆ ಕಂಪನಿಗೆ ಹೋಗುತ್ತಾನೆ, ಅವಳು ಮತ್ತೆ ಮಂಜುಗಡ್ಡೆಗೆ.

"ಬಾಯಲ್ಲೇ ಹೇಳ್ತಿದೀನಿ ನೋಡು ಅಬ್ದೋನ್. ನೀನು ಕಳಿಸಿದ್ದನ್ನ ನಾವ್ಯಾರೂ ಓದಲ್ಲ, ನಾವು ಕಳಿಸಿದ್ದನ್ನ ನೀನು ಓದ್ತೀಯೋ ಇಲ್ವೋ ದೇವರಿಗೇ ಗೊತ್ತು. ಅವನ ಮೇಲ್ ಬರುತ್ತಾ?"

"ಬರುತ್ತೆ."

"ಅಷ್ಟೇನಾ?"

ಅವನು ಸ್ವಲ್ಪ ಯೋಚಿಸಿದ. "ಖಂಡಿತ ಬರುತ್ತೆ."

ಒಂದು ಪತ್ರವೂ ಕಳೆಯಬಾರದೆಂದು ಅವನು ಎರಡು ಯಂತ್ರಗಳನ್ನೂ ಒಂದಕ್ಕೊಂದು ಬೆಸೆದ. ಹಳೆಯದಕ್ಕೆ ಬಂದದ್ದು ಹೊಸದಕ್ಕೆ ಹೋಗಬೇಕು. ಹೊಸದಕ್ಕೆ ಗುರುತು ಸಿಗದ್ದು ಹಳೆಯದಕ್ಕೆ ಮರಳಬೇಕು. ಎರಡರಲ್ಲೂ ತನ್ನ ಹೆಸರಿನಲ್ಲಿ ತಾನಾಗಿಯೇ ಹೋಗುವ ಉತ್ತರವನ್ನಿಟ್ಟ. ಮೇಲ್ ಸಾಗಿಸುವುದಕ್ಕಿಂತ ಆ ಉತ್ತರ ಬರೆಯಲು ಹೆಚ್ಚು ಹೊತ್ತು ಹಿಡಿಯಿತು. "ನಿಮ್ಮ ಪತ್ರಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಸದ್ಯ ನಾನು ಇಲ್ಲಿಲ್ಲ. ಮರಳಿದ ಕೂಡಲೇ ತಮಗೆ ಖಂಡಿತ ಉತ್ತರಿಸುವೆ." ಒಬ್ಬರಿಗೆ ಒಂದೇ ಸಲ ಉತ್ತರ ಹೋಗಲಿ ಎಂಬ ಕಟ್ಟುಪಾಡೊಂದು ಇತ್ತು. ಎರಡನೆಯ ಸಲ ಬರೆದವರನ್ನು ಮೌನದಿಂದ ಎದುರುಗೊಳ್ಳುವುದು ಅಸಭ್ಯತೆ ಎನಿಸಿ ಅದನ್ನು ತೆಗೆದುಹಾಕಿದ. ಎದುರುಗಡೆ ಮನುಷ್ಯರು ನಿಂತಾಗ ಈ ಸಭ್ಯತೆ ಅವನಿಗೆ ನೆನಪಾಗುತ್ತಿರಲಿಲ್ಲ.

ಕೊನೆಗೆ ಪರೀಕ್ಷೆಗೆಂದು ತನಗೆ ತಾನೇ ಒಂದು ಮೇಲ್ ಹಾಕಿಕೊಂಡ. ಉತ್ತರ ಬಂತು. ತೃಪ್ತಿಯಿಂದ ದೀಪ ಆರಿಸಿ ಹೊರಟ.

ಹತ್ತೊಂಬತ್ತರ ಬೆಳಿಗ್ಗೆ ಅಕ್ಕ ಎದೆಲ್ಮಿರಾಳ ಅಂಗಳದಲ್ಲಿ ಕೆಂಡದ ಮೇಲೆ ಮಾಂಸ ಬೇಯುತ್ತಿರುವಾಗ ಅವನ ಫೋನ್ ಹೊಡೆದುಕೊಂಡಿತು. ನೋಲ್ಫಾ. ಅವನು ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ನಿಂತಮೇಲೆ "ಮೇಲ್ ಮಾಡು" ಎಂದು ಎರಡು ಪದ ಒತ್ತಿ ಕಳಿಸಿದ. ಸ್ವಲ್ಪ ಹೊತ್ತಿಗೆ ಬೇಲಿಯ ಹೊರಗೆ ಅವಳ ಪಿಕಪ್ ಬಂದು ನಿಂತಿತು. ಕ್ವೆಕಾ ಕುಣಿಯಲು ಉಟ್ಟ ಹೂವಿನ ಲಂಗವನ್ನು ಎತ್ತಿ ಹಿಡಿದು ಅವಳು ಒಳಗೆ ಬಂದಳು.

"ಮೇಲ್ ಮಾಡು ಅಂದ್ಯಲ್ಲ, ಮಾಡೋಕೆ ನೋಡ್ದೆ. ಹೋಗ್ಲಿಲ್ಲ. ಅದಕ್ಕೆ ನಾನೇ ಬಂದೆ ಮಾರಾಯ."

"ಕರ್ಕೊಂಡ್ ಹೋಗಮ್ಮ," ಎಂದಳು ಎದೆಲ್ಮಿರಾ. "ಇಲ್ಲಿದ್ರೂ ಇದಾನೆ ಅಂತ ಗೊತ್ತಾಗಲ್ಲ."

ಬಲೆಯ ಕೋಣೆಯಲ್ಲಿ ಯಂತ್ರ ಗುಂಯ್ಗುಡುತ್ತಿರಲಿಲ್ಲ, ಏದುಸಿರು ಬಿಡುತ್ತಿತ್ತು. ಪರದೆ ಬೆಳಗಿಸಿದಾಗ ಎಲ್ಲ ತಿಳಿಯಿತು. ಅವನ ಪರೀಕ್ಷೆಯ ಮೇಲ್‌ಗೆ ಹಳೆಯ ಯಂತ್ರದ ಅಬ್ದೋನ್ ಉತ್ತರಿಸಿದ್ದ. ಹೊಸ ಯಂತ್ರದ ಅಬ್ದೋನ್ ಆ ಉತ್ತರಕ್ಕೆ ಧನ್ಯವಾದ ಹೇಳಿ, ತಾನು ಇಲ್ಲಿಲ್ಲ ಎಂದಿದ್ದ. ತಾನಿಲ್ಲ ಎಂದು ತಿಳಿಸಿದ್ದಕ್ಕೆ ಹಳೆಯವನು ಹೃತ್ಪೂರ್ವಕ ಧನ್ಯವಾದ ಹೇಳಿ, ತಾನೂ ಇಲ್ಲ ಎಂದಿದ್ದ. ಹಬ್ಬದುದ್ದಕ್ಕೂ ಹೀಗೇ, ಜಾಗವೆಲ್ಲ ತುಂಬಿ ತುಳುಕುವವರೆಗೆ. ಇಬ್ಬರಲ್ಲಿ ಒಬ್ಬನೂ ಬೇಸರಪಟ್ಟಿರಲಿಲ್ಲ, ಸಭ್ಯತೆ ತಪ್ಪಿರಲಿಲ್ಲ. ಅವನ ಬದುಕಿನ ಅತಿ ದೀರ್ಘ ಸಂಭಾಷಣೆ ಅದು.

ನೋಲ್ಫಾ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು. "ಇಬ್ಬಿಬ್ರು ಇದೀರಿ, ಒಬ್ಬನೂ ಮನೇಲಿಲ್ಲ."

ಇಬ್ಬರ ಬಾಯನ್ನೂ ಕಟ್ಟುವುದು ಕ್ಷಣದ ಕೆಲಸ. ಆದರೆ ಅಷ್ಟರಲ್ಲಿ ಬಾಡಿಗೆ ಸರ್ವರ್‌ನವರ ಕಾವಲು ತಂತ್ರಾಂಶ, ಈ ಕಂಪನಿ ಊರಿಗೆಲ್ಲ ಕಸದ ಮೇಲ್ ಹರಡುತ್ತಿದೆ ಎಂದುಕೊಂಡು ಬಾಗಿಲು ಹಾಕಿತ್ತು. ಜೋಸಿವಾನನ ಆರ್ಡರ್ ಬಾಗಿಲು ತಟ್ಟಿ ರೆಸಿಫೆಗೆ ವಾಪಸ್ ಹೋಗಿತ್ತು. ಬಾಗಿಲು ಮತ್ತೆ ತೆರೆಯುವುದು ಹಬ್ಬ ಕಳೆದ ಮೇಲೇ. ನೋಲ್ಫಾ ಆಗಲೇ ಜೋಸಿವಾನನಿಗೆ ಫೋನ್ ಮಾಡಿದ್ದಳು. ಕಂಪನಿ ಮುಳುಗಿದೆಯೋ, ಇಲ್ಲ ಅದರ ಹೆಸರಲ್ಲಿ ಯಾರೋ ಮೋಸ ಮಾಡುತ್ತಿದ್ದಾರೋ ಎಂಬ ಅನುಮಾನ ಅವನಿಗೆ.

"ನನ್ನ ಮಾತು ಸಾಲದಂತೆ. ಮೇಲ್ ನೋಡ್ಕೊಳ್ಳೋನು ಬಾಯಿ ಬಿಟ್ಟು ಹೇಳ್ಲಿ ಅಂದ." ನಂಬರ್ ಒತ್ತಿ ಫೋನನ್ನು ಅಬ್ದೋನ್‌ನ ಕಿವಿಗೇ ಹಿಡಿದಳು. ಅವಳ ಬೆರಳ ಗೆಣ್ಣುಗಳಲ್ಲಿ ಮಂಜುಗಡ್ಡೆ ಮಾಡಿದ ಹಳೆಯ ಬಿರುಕುಗಳು ಇನ್ನೂ ಮಾಸಿರಲಿಲ್ಲ.

ಅಬ್ದೋನ್ ಮಾತಾಡಿದ. ಅರ್ಧ ಸ್ಪ್ಯಾನಿಷ್, ಅರ್ಧ ತನಗೆ ತೋಚಿದ ಪೋರ್ಚುಗೀಸ್. ಕಂಪನಿ ಮುಳುಗಿಲ್ಲ, ಮೋಸವೂ ಇಲ್ಲ, ತಪ್ಪೆಲ್ಲ ತನ್ನದು ಎಂದ. ಎರಡು ಯಂತ್ರಗಳಲ್ಲಿದ್ದ ತಾನು ತನಗೇ ಹೇಗೆ ಉತ್ತರಿಸುತ್ತ ಕೂತೆ ಎಂದು ವಿವರಿಸಿದ. ಹೇಳಿ ಮುಗಿದ ಮೇಲೆ ಆ ಕಡೆ ಮೌನ. ಇಷ್ಟು ವರ್ಷ ತಾನು ಹಾಡಿ ಹೊಗಳಿದ ಮೌನ ಇದೇ. ಇನ್ನೊಬ್ಬರ ಕೈಯಲ್ಲಿದ್ದಾಗ ಅದು ಇಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ.

"ಕೊನೆಗೆ ನಿಲ್ಸಿದ್ದು ಯಾರು?" ಎಂದು ಕೇಳಿದ ಜೋಸಿವಾನ್. "ನೀವಾ, ನೀವಾ?"

"ಇಬ್ಬರೂ ಅಲ್ಲ. ನೋಲ್ಫಾ."

ಆ ಕಡೆಯ ನಗು ಕೋಣೆಗೆಲ್ಲ ಕೇಳಿಸಿತು. ನಗು ಇಳಿದಮೇಲೆ, ಇಂಥದ್ದನ್ನು ಯಾವ ಮೋಸಗಾರನೂ ಕಟ್ಟಿ ಹೇಳಲಾರ ಎಂದು ಅವನು ಆರ್ಡರನ್ನು ಬಾಯಲ್ಲೇ ಓದಿದ. ನೋಲ್ಫಾ ಅದನ್ನು ಹಬ್ಬದ ಕರಪತ್ರದ ಬೆನ್ನ ಮೇಲೆ ಗೀಚಿಕೊಂಡು, ದೋಣಿಯವನಿಗೆ ಕೂಗಿ ಹೇಳಿದಳು. ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಪಿಕಪ್ ಮತ್ತೆ ಎದೆಲ್ಮಿರಾಳ ಅಂಗಳದತ್ತ ಹೊರಟಿತು. ಹೆದ್ದಾರಿಯ ತಿರುವಿನಲ್ಲಿ ಅವಳು, "ಏನಾದ್ರೂ ಮಾತಾಡೋ," ಎಂದಳು.

ಮಾತಾಡಬೇಕೆಂದು ಅವನಿಗೂ ನಿಜವಾಗಿ ಅನಿಸಿತು. ಧನ್ಯವಾದ ಎಂಬ ಪದ ನಾಲಗೆಯ ತುದಿಗೆ ಬಂದೇಬಿಟ್ಟಿತು. ಅದರ ಹಿಂದೆ ಯಂತ್ರಗಳಲ್ಲಿಟ್ಟ ಆ ಉತ್ತರದ ಉಳಿದ ಎರಡು ವಾಕ್ಯಗಳೂ ಸಾಲಾಗಿ ಬಂದು ನಿಂತದ್ದು ಕಂಡು, ಅವನು ಮೆಲ್ಲಗೆ ಬಾಯಿ ಮುಚ್ಚಿದ.