ಮೊದಲು ಬಳಸುತ್ತಿದ್ದ ಇಂಧನ

ಸುಳ್ಳೇ ಹೇಳದ ಸತ್ಯವಂತೆ ನಾನೇನಲ್ಲ. ಸಂಘದ ಮೀಟಿಂಗಿಗೆ ಹೋಗಲು ಬೇಜಾರಾದರೆ ಹೊಟ್ಟೆನೋವು ಎನ್ನುತ್ತೇನೆ. ಆದರೆ ಅಶ್ವಿತ್ ಹೇಳಿಸಲು ಬಂದ ಸುಳ್ಳು ಮಾತ್ರ ನನ್ನಿಂದ ಹೇಳಲಾಗಲಿಲ್ಲ.

ಕೊಕ್ಕಡದಲ್ಲಿ ನಮ್ಮ ದನದ ಹಟ್ಟಿಯ ಹಿಂದೆ ಒಂದು ಗೋಬರ್ ಗ್ಯಾಸ್ ಗುಂಡಿ ಇದೆ. ಮದುವೆಯಾದ ವರ್ಷ ನಾನೂ ನನ್ನ ಗಂಡ ರುಕ್ಮಯ್ಯನವರೂ ಸೇರಿ ತೋಡಿದ್ದು. ಅವರು ಪಿಕ್ಕಾಸಿನಲ್ಲಿ ಮುರಕಲ್ಲು ಒಡೆದರು, ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಸಗಣಿ ಗ್ಯಾಸಿನ ಅನ್ನ ಉಣ್ಣುವುದಿಲ್ಲವೆಂದು ಅತ್ತೆ ಮೂರು ದಿನ ಹಠ ಹಿಡಿದು ನಾಲ್ಕನೇ ದಿನ ಉಂಡರು. ಅಂದಿನಿಂದ ಮೂವತ್ತೊಂದು ವರ್ಷ ನನ್ನ ಅಡುಗೆಮನೆಯಲ್ಲಿ ಕಟ್ಟಿಗೆ ಉರಿದಿಲ್ಲ. ಈಗ ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ಮಿಗೆ ತುಕ್ಕು ಹಿಡಿದು ಗ್ಯಾಸ್ ಸೋರುತ್ತದೆ. ಚಹಾ ಆದರೆ ಅನ್ನ ಆಗುವುದಿಲ್ಲ. ಹೊಸದು ಹಾಕಿಸುವ ತಾಕತ್ತು ನಮಗಿಲ್ಲ.

ಅಷ್ಟರಲ್ಲಿ ಮೂಡಬಿದಿರೆಯಿಂದ ಅಶ್ವಿತ್ ಬೈಕಿನಲ್ಲಿ ಬಂದ. ಯಾವುದೋ ಕಾರ್ಬನ್ ಕಂಪನಿಯ ಹುಡುಗ. ಹೊಸ ಡ್ರಮ್, ಹೊಸ ಒಲೆ, ಎಲ್ಲ ಪುಕ್ಕಟೆ ಎಂದ. ಹಾಲಿನ ಸೊಸೈಟಿಯ ಮೂಲಕ ಕೊಡುವುದಂತೆ, ಅಲ್ಲಿ ಸದಸ್ಯೆ ನಾನಾದ್ದರಿಂದ ಸಹಿ ನನ್ನದೇ ಬೇಕಂತೆ.

"ಮೊದಲು ಬಳಸುತ್ತಿದ್ದ ಇಂಧನ ಅಂತ ಒಂದು ಸಾಲು ಉಂಟು ಪೂವಮ್ಮಕ್ಕ. ಅಲ್ಲಿ ಕಟ್ಟಿಗೆ ಅಂತ ಬರೀರಿ. ಆಮೇಲೆ ಬಚ್ಚಲ ಒಲೆಯ ಮೇಲೆ ಒಂದು ಅನ್ನದ ಪಾತ್ರೆ ಇಡಿ, ಫೋಟೋ ತೆಗೀತೇನೆ."

ನಮ್ಮ ಕಡೆ ಸ್ನಾನದ ನೀರು ಕಾಯಿಸಲು ಬಚ್ಚಲ ಹಂಡೆಯ ಅಡಿಗೆ ಒಣಗಿದ ತೆಂಗಿನ ಮಡಲು ಹಾಕಿ ಬೆಂಕಿ ಮಾಡುತ್ತೇವೆ. ಅಲ್ಲಿ ಅನ್ನ ಬೇಯಿಸಿದವರು ಈ ಊರಿನಲ್ಲೇ ಇಲ್ಲ.

"ಯಾಕೆ? ಇದ್ದದ್ದನ್ನೇ ಬರೆಯುವ."

"ಬರೆದ್ರೆ ಸಿಗುದಿಲ್ಲ ಅಕ್ಕ. ಹೊಗೆ ಬಿಡ್ತಿದ್ದವರು ನಿಲ್ಲಿಸಿದ್ರೆ ಮಾತ್ರ ಕಾರ್ಬನ್ ಕ್ರೆಡಿಟ್, ಅಂದ್ರೆ ಅಷ್ಟು ಹೊಗೆ ಉಳಿಸಿದ ಲೆಕ್ಕ. ಅದನ್ನು ಕಂಪನಿ ಮಾರ್ತದೆ, ಹೊರದೇಶದ ಫ್ಯಾಕ್ಟರಿಯವರು ತಗೊಳ್ತಾರೆ. ಅಷ್ಟು ಹೊಗೆ ಅವರು ಬಿಡ್ಬಹುದು."

"ಅಂದ್ರೆ, ನಾನು ಬಿಡದ ಹೊಗೆಯನ್ನು ಬಿಟ್ಟಿದ್ದೆ ಅಂತ ಸಹಿ ಹಾಕ್ಬೇಕು. ಆ ಸಹಿ ಹಿಡ್ಕೊಂಡು ಇನ್ನೊಬ್ಬ ನಿಜವಾಗಿ ಹೊಗೆ ಬಿಡ್ತಾನೆ. ಹಾಗೋ?"

ಅಶ್ವಿತ್ ತಲೆ ಕೆರೆದುಕೊಂಡ. "ಎಲ್ಲರೂ ಹಾಗೆಯೇ ಹಾಕಿದ್ದಾರೆ ಅಕ್ಕ. ಸಿದ್ಧಕಟ್ಟೆ ಕಡೆ ಮೊನ್ನೆ ಹನ್ನೆರಡು ಮನೆ ಆಯ್ತು."

"ಹಾಕಿಬಿಡು ಮಾರಾಯ್ತಿ," ಎಂದರು ಇವರು ಜಗಲಿಯಿಂದ. "ಒಂದು ಸಹಿಗೆ ನಿನ್ನ ಕೈ ಸವೆಯುದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಹೊಗೆ ಬಿಟ್ಟವರಿಗೆ ಡ್ರಮ್, ಮೂವತ್ತೊಂದು ವರ್ಷ ಅಡುಗೆಗೆ ಹೊಗೆ ಬಿಡದವಳಿಗೆ ಆ ಕಾಗದದಲ್ಲಿ ಜಾಗವೇ ಇಲ್ಲ! ಡ್ರಮ್ ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಬಿಟ್ಟರೆ ಈ ಮಳೆಗಾಲ ಒದ್ದೆ ಕಟ್ಟಿಗೆ ಊದುತ್ತಾ ಕೂರಬೇಕೆಂದು ಗೊತ್ತಿತ್ತು. ಅಳು ಬಂತು, ಅವನೆದುರು ಅಳಲು ಮನಸ್ಸಾಗಲಿಲ್ಲ.

"ಕಾಗದ ಕೊಡು, ಪೆನ್ನೂ ಕೊಡು."

ಅಶ್ವಿತನ ಮುಖ ಅರಳಿತು. ನಾನು ಆ ಸಾಲಿನಲ್ಲಿ, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ, ನಿಧಾನಕ್ಕೆ ಬರೆದೆ: ಸಗಣಿ ಗ್ಯಾಸ್, ಮೂವತ್ತೊಂದು ವರ್ಷ. ಗುಂಡಿ ತೋಡಿದ್ದು ನಾವೇ. ಕೆಳಗೆ ಸಹಿ ಹಾಕಿದೆ.

"ಇದು ರಿಜೆಕ್ಟ್ ಆಗ್ತದೆ ಅಕ್ಕ."

"ಆಗ್ಲಿ. ರಿಜೆಕ್ಟ್ ಮಾಡುವವನು ಓದಿಯೇ ಮಾಡ್ಬೇಕಲ್ಲ? ಓದ್ಲಿ."

ಇವರು ಜಗಲಿಯಿಂದ ಎದ್ದು ಬಂದರು. ಬೈಯುತ್ತಾರೆಂದು ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಕಾಗದವನ್ನು ದೂರ ಹಿಡಿದು ಓದಿದರು. ಗುಂಡಿಯ ಮಾತು ಬಂದಲ್ಲಿ ನಿಂತು ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅಶ್ವಿತನ ಕಡೆ ತಿರುಗಿದರು.

"ಸಾಕ್ಷಿ ಸಹಿ ಎಲ್ಲಿ ಹಾಕುದು?"