ಕೊರಳು ತಬ್ಬಿದ ಏಳು ನಿಮಿಷ

೨೦೨೪ರ ಜನವರಿ ೨೧, ಭಾನುವಾರ. ದಾಂಡೇಲಿಯ ಅಂಬೇವಾಡಿಯಲ್ಲಿ ನಡೆದ ಆಯ್ಕೆ ಪರೀಕ್ಷೆಗೆ ಬಂದವರು ಇಪ್ಪತ್ತೊಂಬತ್ತು ಜನ, ಸ್ಥಾನಗಳು ನಾಲ್ಕು. ಲಂಬಾಣಿ ತಾಂಡಾಗಳ ಮತ್ತು ದನಗಾಹಿ ಗೌಳಿಗರ ವಾಡಗಳ ಮಕ್ಕಳಿಗೆ ಎರಡು ವರ್ಷ ಸರ್ಕಸ್ ಕಲಿಸಿ, ಬಳಿಕ ತನ್ನ ತಂಡದಲ್ಲಿಯೇ ಕಾಯಂ ನೌಕರಿ ಕೊಡುವುದಾಗಿ ಒಂದು ಸಂಸ್ಥೆ ಸಾರಿತ್ತು. ಗಣಿತ ಕಲಿಸಿ ನಿವೃತ್ತನಾದ ನನ್ನನ್ನು ಸಮಯ ಅಳೆಯಲು ಮತ್ತು ಅಂಕ ಕೂಡಿಸಲು ಕರೆಸಿದ್ದರು.

ಅತ್ತಿವೇರಿ ಬಳಿಯ ತಾಂಡಾದ ತುಳಜಾ ನನ್ನ ಹಳೆಯ ವಿದ್ಯಾರ್ಥಿನಿ. ಅಜ್ಜಿ ಚಾಂದಿಬಾಯಿಯೊಡನೆ ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಗೋವಿನಜೋಳ ಮುರಿಯುವ ಕೂಲಿ ಅವಳದು. ಪರೀಕ್ಷೆಯ ವಯೋಮಿತಿಯನ್ನು ಅವಳು ಮಾರ್ಚಿನಲ್ಲಿ ದಾಟುತ್ತಿದ್ದಳು. ಈ ಸಲ ತಪ್ಪಿದರೆ ಮುಂದೆ ಇಲ್ಲ.

ಹಗ್ಗ ಏರುವ ಪರೀಕ್ಷೆಯಲ್ಲಿ ಅವಳಿಗೆ ಅರವತ್ತಕ್ಕೆ ಐವತ್ತೇಳು ಬಂದಿತು. ಅಷ್ಟು ಇನ್ನಾರಿಗೂ ಬರಲಿಲ್ಲ.

ಎರಡನೆಯದು ತಮ್ಮ ಜನರ ಕಲೆ: ನಲವತ್ತು ಅಂಕ, ನಾಲ್ಕು ನಿಮಿಷ. ಮೀರಿದ ಪ್ರತಿ ಪೂರ್ಣ ಹತ್ತು ಸೆಕೆಂಡಿಗೆ ಒಂದು ಅಂಕ ಕಡಿತ. ಒಟ್ಟು ಅಂಕ ಸರಿಸಮವಾದರೆ ಹಗ್ಗದಲ್ಲಿ ಮುಂದಿದ್ದವರಿಗೆ ಸ್ಥಾನ. ಈ ನಿಯಮಗಳನ್ನು ಬರೆಸಿದವನು ನಾನು.

ತುಳಜಾ ಕುಣಿಯಲು ಸಿದ್ಧಳಾಗಿ ಬಂದಿದ್ದಳು. ಸಂಸ್ಥೆಯ ಮುಖ್ಯಸ್ಥೆ ಸುಮಿತಾ ತಡೆದರು.

"ಬೆಳಗಿನಿಂದ ಹನ್ನೊಂದು ಕುಣಿತ ನೋಡಿದೆ. ನಿಮ್ಮಲ್ಲಿ ಮದುಮಗಳು ಅಳುತ್ತ ಹಾಡ್ತಾಳಂತಲ್ಲ, ಅದನ್ನು ಮಾಡಮ್ಮ. ಕಣ್ಣೀರು ನಿಜವಾಗಿ ಬರಬೇಕು."

ಅದು ಢಾವಲೋ. ತವರು ಬಿಡುವ ಹುಡುಗಿ ಒಬ್ಬೊಬ್ಬರ ಕೊರಳು ತಬ್ಬಿ ಹಾಡುವುದು. ತಬ್ಬಿಸಿಕೊಂಡವರು ಅತ್ತು, ಉತ್ತರ ಹಾಡಿ, ಹರಸಿ, ತಾವಾಗಿ ಕೈ ಸಡಿಲಿಸಬೇಕು. ನಡುವೆ ಬಿಡಿಸಿದರೆ ಹುಡುಗಿ ಆಶೀರ್ವಾದವಿಲ್ಲದೆ ಮನೆ ಬಿಟ್ಟಂತೆ ಎಂಬುದು ಆ ತಾಂಡಾದ ಹಿರಿಯರ ನಂಬಿಕೆ.

"ಮದುವಿ ಇಲ್ಲದ ಹಾಡಂಗಿಲ್ರಿ ಮೇಡಮ್," ಎಂದಳು ತುಳಜಾ.

"ಹಾಡದಿದ್ದರೆ ಇಲ್ಲಿ ಸೊನ್ನೆ ಹಾಕಬೇಕಾಗುತ್ತದೆ."

ಹಳಿಯಾಳ ಕಡೆಯ ಬಾಲು, ಅವನೂ ಅಭ್ಯರ್ಥಿ, ಹಿಂದಿನಿಂದ ಕೇಳಿದ: "ವರ ಯಾರ ತುಳಜಾ? ಆ ಹಗ್ಗದ ಕೂಡ ಲಗ್ನ ಆದಿ ಏನು?"

ಎಲ್ಲರೂ ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಚಾಂದಿಬಾಯಿ ಎದ್ದು ಬಂದಳು.

"ನನ್ನ ಕೊರಳಿಗೆ ಬೀಳ ಬಾ. ಹೆಂಗೂ ಮನಿ ಬಿಟ್ಟು ಹೊಂಟಿಯಲ್ಲ."

"ಒಂದ ನುಡಿ ಹಾಡ್ತೇನಿ ದಾದಿ. ನೀ ಬಾಯಿ ತಗೀಬ್ಯಾಡ."

"ಇಲ್ಲ, ತಗಿಯೂದಿಲ್ಲ."

ತುಳಜಾ ಹಾಡಿದಳು. ಎರಡು ನಿಮಿಷದೊಳಗೆ ಅವಳ ನುಡಿ ಮುಗಿಯಿತು. ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮುದುಕಿ ಬಾಯಿ ತೆರೆದಿದ್ದಳು. ಸತ್ತ ಮಗನ ಹೆಸರು ಹಿಡಿದು ಕರೆದು, ಅವನ ಮಗಳು ಹೊರಟಳೆಂದು ಹೇಳಿ ಹಾಡುತ್ತಿದ್ದಳು. ನಾಲ್ಕನೆಯ ನಿಮಿಷಕ್ಕೆ ನಾನು ಗಂಟೆ ಬಾರಿಸಿದೆ. ಐದಕ್ಕೆ ಇನ್ನೊಮ್ಮೆ ಬಾರಿಸಿದೆ. ತುಳಜಾ ನನ್ನತ್ತ ನೋಡುತ್ತಲೇ ನಿಂತಳು, ಕೈ ಕೀಳಲಿಲ್ಲ. ಸುಮಿತಾ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಂಡರು.

ಏಳು ನಿಮಿಷ ಹತ್ತು ಸೆಕೆಂಡಿಗೆ ಚಾಂದಿಬಾಯಿ ಕೈ ಸಡಿಲಿಸಿದಳು.

ಕಲೆಗೆ ಮೂವತ್ತೆಂಟು, ಒಟ್ಟು ತೊಂಬತ್ತೈದು. ಮೀರಿದ್ದು ನೂರ ತೊಂಬತ್ತು ಸೆಕೆಂಡು, ಕಡಿತ ಹತ್ತೊಂಬತ್ತು, ಉಳಿದದ್ದು ಎಪ್ಪತ್ತಾರು. ನಾಲ್ಕನೆಯ ಸ್ಥಾನದ ಬಾಲುವಿಗೆ ಎಪ್ಪತ್ತೇಳು.

ಪಟ್ಟಿ ಓದಿದ ಮೇಲೆ ತುಳಜಾ ಅಜ್ಜಿಯ ಎದುರು ನಿಂತಳು.

"ಯಾಕ ಬಾಯಿ ತಗದಿ?"

"ತಡೀಲಿಕ್ಕೆ ಆಗಲಿಲ್ಲವ್ವ."

"ನಮ್ಮಪ್ಪನ ಬದಲಿ ನೀನ ಸತ್ತಿದ್ರ ಛಲೋ ಇತ್ತು."

ಚಾಂದಿಬಾಯಿ ತಲೆಯಾಡಿಸಿದಳು, ಒಪ್ಪಿದವಳಂತೆ. ಬಳಿಕ ಸುಮಿತಾರ ಬಳಿ ಹೋಗಿ ಆ ವಿಡಿಯೊ ಅಳಿಸಿರೆಂದು ಬೇಡಿದಳು.

"ಅದು ನಮ್ಮ ಪ್ರದರ್ಶನದ ಆರಂಭಕ್ಕೆ ಬೇಕು ಅಜ್ಜಿ. ಅರ್ಜಿಯಲ್ಲೇ ಒಪ್ಪಿಗೆ ಇದೆ, ನಿಮ್ಮ ಮೊಮ್ಮಗಳು ಸಹಿ ಮಾಡಿದ್ದಾಳೆ."

"ಅಳೂದು ಇಟ್ಕೊಂಡ್ರಿ, ಹುಡುಗೀನ ಒಲ್ಲೆ ಅಂದ್ರಿ," ಎಂದು ಮುದುಕಿ ನನ್ನ ಕಡೆ ಬಂದಳು. "ಒಂದ ಅಂಕಿ ಮಾಸ್ತರ್ರ. ನಿಮ್ಮ ಲೆಕ್ಕದಾಗ ಎಲ್ಲೂ ತಪ್ಪಿಲ್ಲೇನ್ರಿ?"

ನಾನು ಗಡಿಯಾರ ಒತ್ತಿದ್ದು ತುಳಜಾಳ ಕೈ ಅಜ್ಜಿಯ ಕೊರಳಿಗೆ ಬಿದ್ದಾಗ. ಹಾಡು ಹೊರಟದ್ದು ಎಂಟು ಸೆಕೆಂಡಿನ ಬಳಿಕ. ಅಲ್ಲಿಂದ ಎಣಿಸಿದ್ದರೆ ಮೀರಿದ್ದು ನೂರ ಎಂಬತ್ತೆರಡು, ಕಡಿತ ಹದಿನೆಂಟು, ಬಾಲುವಿಗೆ ಸರಿಸಮ. ಹಗ್ಗದ ಅಂಕದ ಮೇಲೆ ಸ್ಥಾನ ಅವಳದು. ಉಳಿದವರಿಗೆಲ್ಲ ನಾನು ಹಾಡು, ಕುಣಿತ ಶುರುವಾದಲ್ಲಿಂದಲೇ ಎಣಿಸಿದ್ದೆ.

ಪಟ್ಟಿಗೆ ಆಗಲೇ ನನ್ನ ರುಜು ಬಿದ್ದಿತ್ತು. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ನಾನು ರುಜು ಮಾಡಿದ್ದನ್ನು ತಿದ್ದಿರಲಿಲ್ಲ.

"ತಪ್ಪಿಲ್ಲವ್ವ," ಎಂದೆ.

ಮುಂಡಗೋಡದ ಬಸ್ಸಿಗೆ ತುಳಜಾ ಮೊದಲು ಹತ್ತಿದಳು. ಮುದುಕಿ ಕೈ ಚಾಚಿದಳು; ಮೊಮ್ಮಗಳು ಹಿಡಿಯಲಿಲ್ಲ. ತುಳಜಾಳ ಒಂದು ಅಂಕ ನನ್ನಲ್ಲಿದೆ. ಕೊಟ್ಟಿಲ್ಲ.